ಕಿನ್ನಿಗೋಳಿಯ ಆ ಬಾಯಮ್ಮನಿಗೆ

ಸೆಪ್ಟೆಂಬರ್ 8ರ ಮಧ್ಯಾಹ್ನ ಮಂಗಳೂರು ಕಡೆಯ ಕಿನ್ನಿಗೋಳಿ ಹತ್ತಿರ ನನ್ನ ಬೈಕ್ ಕೆಟ್ಟು ನಿಂತಿತು. ಜೋರು ಮಳೆ. ಹಿಂದೆ ಚಳಿಗೆ ನಡುಗುತ್ತಿದ್ದ ಮಗಳು. ನಿಮ್ಮ ಗೇಟಿನ ಹತ್ತಿರ ಸುಮ್ನೆ ನಿಂತಿದ್ದೆವು, ಅಷ್ಟೇ.

"ಒಳಗೆ ಬನ್ನಿ ಮಾರಾಯ್ರೆ, ಮಗು ನೆನೆಯುತ್ತಿದೆ" ಎನ್ನುತ್ತಾ ನೀವೇ ಕೊಡೆ ಹಿಡಿದು ಬಂದಿರಿ. ಮನೆ ತುಂಬ ನೆಂಟರು. ಅಂದು ಮೊಂತಿ ಹಬ್ಬ, ಅಂದರೆ ಕರಾವಳಿಯ ಕ್ಯಾಥೊಲಿಕರು ಮಾತೆ ಮರಿಯಳ ಹುಟ್ಟುಹಬ್ಬದಂದು ಆಚರಿಸುವ ತೆನೆ ಹಬ್ಬ ಅಂತ ನನಗೆ ಗೊತ್ತೇ ಇರಲಿಲ್ಲ. ಮೊದಲು ಮಗಳ ತಲೆ ಒರೆಸಿದಿರಿ. ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸಿ ತಂದ ಹೊಸ ತೆನೆಯ ಕಾಳನ್ನು ಹಾಲಿಗೆ ಹಾಕಿ ಮನೆಯವರಿಗೆ ಹಂಚುವಾಗ ನಮಗೂ ಒಂದೊಂದು ಲೋಟ ಕೊಟ್ಟಿರಿ. ಬಾಳೆಲೆ ಊಟ, ಎಲ್ಲ ತರಕಾರಿಯದ್ದೇ. ಮೀನು ಇರುತ್ತದೇನೋ ಎಂದು ಸುಮ್ಮನೆ ಅಳುಕಿದ್ದೆ!

ಊಟದ ಮುಂಚಿನ ಪ್ರಾರ್ಥನೆಯಲ್ಲಿ ಮಗಳ ಹೆಸರನ್ನೂ ಸೇರಿಸಿದಿರಿ. ಯೇಸುವಿನ ಬಗ್ಗೆ ನಿಮ್ಮ ಬಾಯಲ್ಲಿ ಕೇಳಿದ್ದು ಅಷ್ಟೇ.

ಹೊರಡುವಾಗ ನಿಮ್ಮ ಹೆಸರು ಕೇಳಲು ಮರೆತೆ. ಕೊಡೆ ಇನ್ನೂ ನಮ್ಮಲ್ಲೇ ಇದೆ.