ಹಳೆಯ ರಿಜಿಸ್ಟರುಗಳನ್ನು ಗುಜರಿಗೆ ಹಾಕುವ ಮುಂಚೆ: ವೈದ್ಯಕೀಯ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ನಾನು ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದಿದವನು, ಈಗ ನಿವೃತ್ತ ವೈದ್ಯ. ನಮ್ಮ ಕಾಲೇಜಿಗೆ 2024ರಲ್ಲಿ ನೂರು ವರ್ಷ ತುಂಬಿತು. ಹಳೆಯ ಕಟ್ಟಡಗಳ ಪರವಾಗಿ ಮಾತಾಡುವವರು ಮೈಸೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಕಾಗದಗಳ ಪರವಾಗಿ ಬರೆಯುತ್ತಿದ್ದೇನೆ.

ನಾಲ್ವಡಿಯವರ ಕಾಲದಲ್ಲಿ, 1924ರಲ್ಲಿ ಈ ಕಾಲೇಜು ಶುರುವಾದದ್ದು ಬೆಂಗಳೂರಿನಲ್ಲಿ. ಮೈಸೂರಿಗೆ ಬಂದದ್ದು 1930ರಲ್ಲಿ. ಡಿಗ್ರಿ ಕೊಡುತ್ತಿದ್ದದ್ದು ಮೈಸೂರು ವಿಶ್ವವಿದ್ಯಾಲಯ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಆ ಕೆಲಸ ಅಲ್ಲಿಗೆ ಹೋಯಿತು. ನಾವು ರೋಗಿಗಳನ್ನು ನೋಡಿ ಕಲಿತದ್ದು ಕೆ.ಆರ್. ಆಸ್ಪತ್ರೆಯಲ್ಲಿ, ಚೆಲುವಾಂಬ ಆಸ್ಪತ್ರೆಯಲ್ಲಿ, ಕ್ಷಯದ ಸ್ಯಾನಟೋರಿಯಂನಲ್ಲಿ. ಹೀಗೆ ಒಂದು ಕಾಲೇಜಿನ ಕಥೆ ಎರಡು ಊರುಗಳಿಗೆ, ಹಲವು ಕಚೇರಿಗಳಿಗೆ ಹಂಚಿಹೋಗಿದೆ. ಹತ್ತು ಮನೆಯಲ್ಲಿರುವ ಒಡವೆಯನ್ನು ಲೆಕ್ಕ ಇಡುವವರು ಯಾರು?

ನನಗೆ ಈ ಚಿಂತೆ ಹತ್ತಿದ್ದು ಬೇರೆ ಊರಿನಲ್ಲಿ. ನಾನು ಕೆಲಸ ಮಾಡುತ್ತಿದ್ದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ರೆಕಾರ್ಡ್ ರೂಮ್ ಖಾಲಿ ಮಾಡಿಸಿದರು. ಹೊಸ ಯಂತ್ರಕ್ಕೆ ಜಾಗ ಬೇಕಿತ್ತು. ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಹಳೆಯ ಹೆರಿಗೆ ರಿಜಿಸ್ಟರುಗಳು ಗುಜರಿ ಗಾಡಿಯ ಮೇಲಿದ್ದವು. ಒಂದನ್ನು ಬಿಡಿಸಿ ನೋಡಿದೆ. ತಾಯಿಯ ಹೆಸರು, ಊರು, ಎಷ್ಟನೇ ಹೆರಿಗೆ, ಮಗು ಉಳಿಯಿತೋ ಇಲ್ಲವೋ, ಎಲ್ಲ ಶಾಯಿಯಲ್ಲಿ, ಮುದ್ದಾದ ಅಕ್ಷರದಲ್ಲಿ. ಗಾಡಿ ಹೊರಟುಹೋಯಿತು. ನಾನು ಸುಮ್ನೆ ನಿಂತಿದ್ದೆ. ಆ ದಿನ ಬಾಯಿ ಬಿಡಲಿಲ್ಲವಲ್ಲ ಎಂಬ ನೋವು ಇವತ್ತಿಗೂ ಇದೆ.

ಹಾಗೆ ಕೊಟ್ಟವರು ನಿಯಮ ಮುರಿದರು ಅಂತಲೂ ಅಲ್ಲ. ಒಳರೋಗಿಗಳ ದಾಖಲೆಯನ್ನು ವೈದ್ಯರು ಮೂರು ವರ್ಷ ಇಟ್ಟುಕೊಳ್ಳಬೇಕು ಎಂದು 2002ರ ವೈದ್ಯಕೀಯ ಮಂಡಳಿಯ ನಿಯಮ ಹೇಳಿತು. ಅದು ಚಿಕಿತ್ಸೆಯ ಲೆಕ್ಕ. ಚರಿತ್ರೆಗೆ ಮೂರು ವರ್ಷ ಎಲ್ಲಿ ಸಾಲುತ್ತದೆ? ಪೆನಿಸಿಲಿನ್ ಇಲ್ಲದ ದಿನಗಳಲ್ಲಿ ನ್ಯುಮೋನಿಯಾ ರೋಗಿಯನ್ನು ಹೇಗೆ ನೋಡಿಕೊಂಡರು? ಇರ್ವಿನ್ ನಾಲೆಯ (ಈಗಿನ ವಿಶ್ವೇಶ್ವರಯ್ಯ ನಾಲೆ) ನೀರು ಮಂಡ್ಯ ಸೀಮೆಗೆ ಹರಿದಾಗ ಮಲೇರಿಯಾ ಕೂಡ ಜಾಸ್ತಿಯಾಯಿತಲ್ಲ, ಆಗ ಯಾವ ಯಾವ ಹಳ್ಳಿಯವರು ಆಸ್ಪತ್ರೆಗೆ ಬಂದರು? ಇಂಥದ್ದನ್ನು ಹೇಳುವುದು ಕೇಸ್ ಶೀಟು, ವಾರ್ಡ್ ರಿಜಿಸ್ಟರು ಮಾತ್ರ.

ಪೆಥಾಲಜಿ ಮ್ಯೂಸಿಯಂಗಳಲ್ಲಿ ರೋಗ ತಗುಲಿದ ಅಂಗಗಳ ತುಂಡುಗಳನ್ನು ಇಟ್ಟಿರುವ ಗಾಜಿನ ಸೀಸೆಗಳಿಗೂ ಇದೇ ಮಾತು. ಅವು ಕೆಡದಂತೆ ಹಾಕುವ ಫಾರ್ಮಲಿನ್ ದ್ರವ ಆರುತ್ತಾ ಹೋಗುತ್ತದೆ, ಆಗಾಗ ತುಂಬಬೇಕು. ಚೀಟಿಯ ಶಾಯಿ ಮಾಸುತ್ತದೆ. ಸೀಸೆಯ ನಂಬರಿಗೆ ಹೊಂದುವ ರಿಜಿಸ್ಟರು ಕಳೆದುಹೋದರೆ ಒಳಗಿರುವುದು ಬರೀ ಒಂದು ತುಂಡು. ಅದು ಯಾರ ನೋವು, ಯಾವ ವರ್ಷದ್ದು ಎಂದು ಹೇಳುವವರೇ ಇರುವುದಿಲ್ಲ.

ದೊಡ್ಡ ಕಟ್ಟಡ ಕೇಳುತ್ತಿಲ್ಲ ಸ್ವಾಮಿ. ಮೊದಲು ಒಂದು ಸುತ್ತೋಲೆ ಹೊರಡಿಸಿ: ಐವತ್ತು ವರ್ಷಕ್ಕಿಂತ ಹಳೆಯದಾದ ಯಾವುದನ್ನೂ ರಾಜ್ಯ ಪತ್ರಾಗಾರ ಇಲಾಖೆಯವರು ಬಂದು ನೋಡುವ ತನಕ ಸರ್ಕಾರಿ ಮೆಡಿಕಲ್ ಕಾಲೇಜುಗಳು, ಅವುಗಳ ಆಸ್ಪತ್ರೆಗಳು ವಿಲೇವಾರಿ ಮಾಡಬಾರದು. ಆಮೇಲೆ ಮೈಸೂರಿನ ಕಾಲೇಜಿಗೆ ಪತ್ರಾಗಾರದ ಕೆಲಸ ಕಲಿತ ಒಬ್ಬರನ್ನು ಕಾಯಂ ಆಗಿ ನೇಮಿಸಿ. ಈ ಕೆಲಸವನ್ನು ಲೈಬ್ರರಿಯವರ ತಲೆಗೆ ಕಟ್ಟಬೇಡಿ, ಅವರಿಗೆ ಅವರದೇ ಕೆಲಸ ಇದೆ. ಗೆದ್ದಲು ಹತ್ತದ, ತೇವ ಇಲ್ಲದ ಎರಡು ಕೋಣೆ ಸಾಕು. ಸ್ಕ್ಯಾನ್ ಮಾಡಿಸಿದ ಮೇಲೂ ಮೂಲ ಪ್ರತಿ ಉಳಿಯಬೇಕು. ರೋಗಿಗಳ ಹೆಸರು ಹೊರಗೆ ಹೋಗದ ಹಾಗೆ ಕಟ್ಟುನಿಟ್ಟು ಇರಲಿ. ಅದು ಅವರ ಹಕ್ಕು.

ಬೆಂಗಳೂರಿನ ನಿಮ್ಹಾನ್ಸ್ ತನ್ನ ಹಳೆಯ ಚರಿತ್ರೆಗಾಗಿ ಮ್ಯೂಸಿಯಂ ಮಾಡಿಕೊಂಡಿದೆ. ಬಿಡುವು ಮಾಡಿಕೊಂಡು ಒಮ್ಮೆ ನೋಡಿ ಬನ್ನಿ.

ನನ್ನ ಹತ್ತಿರ ಇರುವ ನೋಟ್ಸು, ಫೋಟೋಗಳನ್ನು ಕೊಡಲು ಸಿದ್ಧನಿದ್ದೇನೆ. ನನ್ನ ಓರಗೆಯವರ ಟ್ರಂಕುಗಳಲ್ಲೂ ಇಂಥವು ಇವೆ. ಯಾರ ಕೈಗೆ ಕೊಡಬೇಕು ಅಂತ ಹೇಳಿಬಿಡಿ, ತಂದು ಕೊಡುತ್ತೇವೆ.

ಇಂತಿ,
ಮೈಸೂರು ಮೆಡಿಕಲ್ ಕಾಲೇಜಿನ ಒಬ್ಬ ಹಳೆಯ ವಿದ್ಯಾರ್ಥಿ