ಭಿನ್ನರಾಶಿ ಬರದ ಹುಡುಗನಿಗೆ ಗೇರ್ ಗೊತ್ತಿತ್ತು

ಸಂಪಾದಕರಿಗೆ ನಮಸ್ಕಾರ.

ಮಕ್ಕಳಿಗೆ ಇಷ್ಟವಾದದ್ದನ್ನೇ ಕಲಿಸಿ ಎನ್ನುವವರು ಒಂದು ಕಡೆ. ಇಷ್ಟ ಕಷ್ಟ ನೋಡುತ್ತಾ ಕೂತರೆ ಪಾಠ ಮುಗಿಯುವುದು ಯಾವಾಗ ಎನ್ನುವವರು ಇನ್ನೊಂದು ಕಡೆ. ಓದುಗರ ಪತ್ರಗಳಲ್ಲಿ ಈ ಜಗಳ ಆಗಾಗ ಕಾಣುತ್ತದೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ನನ್ನ ಪಾಲಿಗೆ ಹೆಚ್ಚಾಗಿ ಬರುವುದು 'ಹಿಂದುಳಿದವರು' ಎಂದು ಬೇರೆ ಕೂರಿಸಿದ ಮಕ್ಕಳು. ಮಗುವಿಗೆ ಚೆನ್ನಾಗಿ ಬರುವುದನ್ನು ಹಿಡಿದುಕೊಂಡೇ ಬರದೇ ಇರುವುದನ್ನು ಕಲಿಸಬಹುದು ಎನ್ನುವುದು ನನ್ನ ಅನುಭವ. ಬರುವುದಷ್ಟೇ ಸಾಕು, ಉಳಿದದ್ದು ಬೇಡ ಅಂತ ಬಿಟ್ಟುಬಿಡುವುದು ಬೇರೆ ಮಾತು. ಆ ವ್ಯತ್ಯಾಸ ಈ ಜಗಳದಲ್ಲಿ ಕಳೆದುಹೋಗುತ್ತಿದೆ.

ಒಬ್ಬ ಹುಡುಗನಿದ್ದ. ಐದನೇ ಒಂದು ದೊಡ್ಡದೋ ಎಂಟನೇ ಒಂದು ದೊಡ್ಡದೋ ಎಂದರೆ ಎಂಟನೇ ಒಂದು ಎನ್ನುತ್ತಿದ್ದ. ಎಂಟು ಐದಕ್ಕಿಂತ ದೊಡ್ಡದು, ಮುಗೀತು. ಭಿನ್ನರಾಶಿ ಕಲಿಯುವ ಎಷ್ಟೋ ಮಕ್ಕಳು ಮಾಡುವ ತಪ್ಪೇ ಇದು. ವೃತ್ತ ಬರೆದು, ತುಂಡು ಮಾಡಿ, ಬಣ್ಣ ತುಂಬಿಸಿದ್ದೂ ಆಯಿತು. ಆ ದಿನ ಸರಿಯಾಗಿ ಹೇಳುತ್ತಿದ್ದ. ಸ್ವಲ್ಪ ದಿನ ಬಿಟ್ಟು ಕೇಳಿದರೆ ಮತ್ತೆ ಅದೇ ಉತ್ತರ.

ಅವನ ಬೆರಳ ಸಂದಿಯಲ್ಲಿ ಯಾವಾಗಲೂ ಗ್ರೀಸ್. ಶಾಲೆಯಲ್ಲಿ ಯಾರ ಸೈಕಲ್ ಚೈನ್ ಬಿದ್ದರೂ ಅವನನ್ನೇ ಕರೆಯುತ್ತಿದ್ದರು. ಏರು ಬಂದರೆ ಹಿಂದೆ ಯಾವ ಹಲ್ಲುಚಕ್ರಕ್ಕೆ ಚೈನ್ ಹಾಕುತ್ತೀಯಾ ಎಂದು ಕೇಳಿದೆ. 'ದೊಡ್ಡದಕ್ಕೆ ಟೀಚರ್. ಆಗ ಚಕ್ರ ಕಮ್ಮಿ ತಿರುಗುತ್ತೆ, ತುಳಿಯೋಕೆ ಹಗುರ.' ಭಿನ್ನರಾಶಿಯಲ್ಲಿ ಅವನು ಎಡವುತ್ತಿದ್ದ ಜಾಗವೇ ಅದು! ಕೆಳಗಿನ ಸಂಖ್ಯೆ ದೊಡ್ಡದಾದಷ್ಟೂ ಬೆಲೆ ಸಣ್ಣದಾಗುತ್ತದೆ ಎನ್ನುವುದು ಅವನ ಕಾಲಿಗೆ ಗೊತ್ತಿತ್ತು. ನೋಟ್‌ಬುಕ್ಕಿನಲ್ಲಿ ಮಾತ್ರ ಗೊತ್ತಿರಲಿಲ್ಲ.

ಸೈಕಲ್ ತಲೆಕೆಳಗೆ ನಿಲ್ಲಿಸಿದೆವು. ಪೆಡಲ್ ಹತ್ತಿರದ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನ ಸಣ್ಣದಕ್ಕೆ 14, ದೊಡ್ಡದಕ್ಕೆ 28. ಹಿಂದಿನ ಟೈರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ ಪೆಡಲ್ ಒಂದು ಸುತ್ತು ತಿರುಗಿಸಿದ. ಸಣ್ಣ ಹಲ್ಲುಚಕ್ರದಲ್ಲಿ ಹಿಂದಿನ ಗಾಲಿ ಮೂರು ಸುತ್ತು ದಾಟಿತು. ದೊಡ್ಡದರಲ್ಲಿ ಒಂದೂವರೆ ಸುತ್ತಿಗಿಂತ ಸ್ವಲ್ಪ ಜಾಸ್ತಿ. ಬೋರ್ಡಿನ ಮೇಲೆ 44/14, 44/28 ಎಂದು ಬರೆದೆ. ಎರಡನೆಯದು ಮೊದಲನೆಯದರ ಅರ್ಧ ಎಂದು ಅವನೇ ಹೇಳಿದ. (44/14 ಅನ್ನು ಸಂಕ್ಷೇಪಿಸಿದರೆ 22/7. ವೃತ್ತದ ಪಾಠದಲ್ಲಿ ಬರುವ ಅದೇ ಸಂಖ್ಯೆ. ಇಲ್ಲಿ ಬಂದದ್ದು ಬರೀ ಆಕಸ್ಮಿಕ, ಆದರೂ ನನಗೆ ಖುಷಿಯಾಯಿತು.) ಅಲ್ಲಿಂದ 1/5, 1/8ಕ್ಕೆ ಬಂದೆವು. ಆಮೇಲೆ ಸೈಕಲ್ ಪಕ್ಕಕ್ಕಿಟ್ಟು, ಎಲ್ಲರಂತೆ ಪುಸ್ತಕದ ಲೆಕ್ಕಗಳನ್ನು ಸಾಲಾಗಿ ಮಾಡಿದ. ಅಭ್ಯಾಸ ತಪ್ಪಲಿಲ್ಲ. ಅದು ಯಾರಿಗೂ ತಪ್ಪಬಾರದು ಕೂಡ.

ಇದು ನನ್ನ ಕ್ಲಾಸಿನ ಕಥೆ ಮಾತ್ರವಲ್ಲ. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುತ್ತಿದ್ದ 9ರಿಂದ 15 ವರ್ಷದ ಐದು ಮಕ್ಕಳನ್ನು ಸಂಶೋಧಕರು ಗಮನಿಸಿ 1985ರಲ್ಲಿ ಬರೆದರು. ಗಿರಾಕಿಗಳಂತೆ ಹೋಗಿ ಲೆಕ್ಕ ಕೇಳಿದಾಗ ಮಕ್ಕಳು ನೂರಕ್ಕೆ 98ರಷ್ಟು ಸರಿ ಹೇಳಿದರು. ಅದೇ ಸಂಖ್ಯೆಗಳನ್ನು ಕಾಗದದ ಮೇಲೆ ಬರೀ ಕೂಡು, ಗುಣಿಸು ಎಂದು ಕೊಟ್ಟಾಗ ಸರಿಯುತ್ತರ ನೂರಕ್ಕೆ 37ರಷ್ಟಕ್ಕೆ ಇಳಿಯಿತು. ಹನ್ನೆರಡು ವರ್ಷದ ಹುಡುಗನೊಬ್ಬ ಹತ್ತು ತೆಂಗಿನಕಾಯಿಯ ಬೆಲೆ ಹೇಳಿದ ರೀತಿ ನೋಡಿ. ಒಂದಕ್ಕೆ 35. ಹತ್ತರಿಂದ ಗುಣಿಸಲು ಸೊನ್ನೆ ಸೇರಿಸುವ ಉಪಾಯ ಅವನು ಬಳಸಲಿಲ್ಲ. ಮೂರಕ್ಕೆ 105, ಇನ್ನು ಮೂರು ಸೇರಿದರೆ 210, ಮತ್ತೆ 315, ಕೊನೆಗೆ 350. ಉದ್ದದ ದಾರಿ ನಿಜ, ಆದರೆ ಹಾದಿ ತಪ್ಪಿಲ್ಲ. ಈ ಮಗುವಿಗೆ 'ಗಣಿತ ಬರಲ್ಲ' ಎಂದು ಬರೆದು ಕೈತೊಳೆದುಕೊಳ್ಳುವುದೋ, ಅವನ 105ರಿಂದಲೇ ಗುಣಾಕಾರಕ್ಕೆ ಕರೆದುಕೊಂಡು ಹೋಗುವುದೋ? ಅದು ಶಿಕ್ಷಕರ ಕೈಯಲ್ಲಿದೆ.

ಓದಿನಲ್ಲೂ ಹೀಗೇ. 1988ರಲ್ಲಿ ಅಮೆರಿಕದಲ್ಲಿ 7 ಮತ್ತು 8ನೇ ತರಗತಿಯ 64 ಮಕ್ಕಳಿಗೆ ಬೇಸ್‌ಬಾಲ್ ಆಟದ ಒಂದು ವಿವರಣೆ ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಗೊತ್ತಿದ್ದವರು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರಿಗಿಂತ ಹೆಚ್ಚು ನೆನಪಿಟ್ಟು ಹೇಳಿದರು. 'ಇವನಿಗೆ ಓದಿದ್ದು ತಲೆಗೆ ಹತ್ತಲ್ಲ' ಎನ್ನುವ ಮೊದಲು ಏನು ಓದಲು ಕೊಟ್ಟಿದ್ದೆವು ಎಂದು ಕೇಳಿಕೊಳ್ಳಬೇಕಲ್ವಾ?

ಇಷ್ಟು ಹೇಳಿದ ಮೇಲೆ ನನ್ನ ತಕರಾರುಗಳನ್ನೂ ಹೇಳಿಬಿಡುತ್ತೇನೆ. ಈಗ 'ಆಸಕ್ತಿ ಆಧಾರಿತ' ಎಂಬ ಹೆಸರಿನಲ್ಲಿ ನಡೆಯುವ ಕೆಲವು ಕೆಲಸ ನೋಡಿದರೆ ನಗು ಬರುತ್ತದೆ. ರಾಮನ ಬಳಿ ಇದ್ದ ಪೆನ್ಸಿಲ್‌ಗಳನ್ನು ಯಾವುದೋ ಆಟಗಾರನ ಬಳಿ ಇರುವ ಚೆಂಡುಗಳನ್ನಾಗಿ ಮಾಡಿದರೆ ಲೆಕ್ಕ ಆಸಕ್ತಿಯದ್ದಾಗುವುದಿಲ್ಲ. ಮಕ್ಕಳು ದಡ್ಡರಲ್ಲ, ತಕ್ಷಣ ಕಂಡುಹಿಡಿಯುತ್ತಾರೆ. ಪಾಠಕ್ಕೆ ಹೊರಗಿನಿಂದ ಆಸಕ್ತಿಯ ಲೇಪ ಬಳಿಯುವುದನ್ನು ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1913ರಲ್ಲೇ ಟೀಕಿಸಿದ್ದರು. ಹುಡುಗನ ಆಸಕ್ತಿಯೊಳಗೇ ಲೆಕ್ಕ ಇದ್ದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಸೈಕಲ್ಲಿನಲ್ಲಿ ಇತ್ತು.

ಇನ್ನೊಂದು ತಕರಾರು, ಹಣೆಪಟ್ಟಿ ಕಟ್ಟುವ ಚಟದ ಬಗ್ಗೆ. ಇವನು ನೋಡಿ ಕಲಿಯುವವನು, ಇವಳು ಕೇಳಿ ಕಲಿಯುವವಳು ಎಂದು ವಿಂಗಡಿಸಿ ಅದಕ್ಕೆ ತಕ್ಕಂತೆ ಪಾಠ ಮಾಡಿದರೆ ಹೆಚ್ಚು ಕಲಿಯುತ್ತಾರೆ ಎಂಬ ನಂಬಿಕೆ ಎಲ್ಲೆಡೆ ಇದೆ. 2008ರಲ್ಲಿ ಮನೋವಿಜ್ಞಾನಿಗಳ ಒಂದು ತಂಡ ಅಲ್ಲಿಯವರೆಗಿನ ಅಧ್ಯಯನಗಳನ್ನು ಜಾಲಾಡಿ, ಅದಕ್ಕೆ ಸಾಕಷ್ಟು ಆಧಾರವಿಲ್ಲ ಎಂದಿತು. ಆದರೂ ಬಿಟ್ಟಿಲ್ಲ. 'ಅವಳು ಚಿತ್ರದ ಹುಡುಗಿ, ವಿಜ್ಞಾನ ಬೇಡ ಬಿಡಿ' ಎಂದು ತಂದೆ ತಾಯಿಯೇ ನನ್ನೆದುರು ಹೇಳಿದ್ದಿದೆ. ಹನ್ನೆರಡು ವರ್ಷದ ಮಗುವಿನ ಬಾಗಿಲನ್ನು ಪ್ರೀತಿಯಿಂದಲೇ ಮುಚ್ಚುವುದು ಅಂದರೆ ಇದೇ.

ಸರಿ, ಆ ಹುಡುಗಿ ಚಿತ್ರವನ್ನಾದರೂ ನೆಮ್ಮದಿಯಾಗಿ ಬರೆದಳೇ? ಇಲ್ಲ. ಚೆನ್ನಾಗಿ ಬರೆಯುತ್ತಾಳೆಂದು ಗೊತ್ತಾದ ಕೂಡಲೇ ಸ್ಪರ್ಧೆ, ಪದಕ, ಭಾನುವಾರದ ಕ್ಲಾಸು. ಕ್ರಮೇಣ ಅವಳ ನೋಟ್‌ಬುಕ್ಕಿನ ಅಂಚಿನಲ್ಲಿ ಚಿತ್ರಗಳು ಬರುವುದೇ ನಿಂತಿತು. ಇದನ್ನೂ ಪರೀಕ್ಷಿಸಿ ನೋಡಿದ್ದಾರೆ. 1973ರ ಒಂದು ಪ್ರಯೋಗದಲ್ಲಿ, ಚಿತ್ರ ಬರೆಯುವುದೆಂದರೆ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ 'ಬರೆದರೆ ಪ್ರಶಸ್ತಿ ಪತ್ರ ಕೊಡುತ್ತೇವೆ' ಎಂದು ಮೊದಲೇ ಹೇಳಿದ್ದರು. ಮುಂದೆ ಬಿಡುವಿನ ವೇಳೆಯಲ್ಲಿ ಆ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯ, ಉಳಿದವರು ಕೊಟ್ಟದ್ದರ ಅರ್ಧದಷ್ಟು. ಮಗುವಿನ ಇಷ್ಟವನ್ನು ಕೆಲವೊಮ್ಮೆ ಸುಮ್ನೆ ಇರಲು ಬಿಡಬೇಕು.

ಮಗುವಿಗೆ ಚೆನ್ನಾಗಿ ಬರುವುದು ಎಂದರೆ ಹವ್ಯಾಸವೇ ಆಗಬೇಕೆಂದಿಲ್ಲ. ಹವ್ಯಾಸವೇ ಇಲ್ಲದ ಮಕ್ಕಳೂ ಇರುತ್ತಾರೆ, ಅವರನ್ನು ಈ ಚರ್ಚೆಯಲ್ಲಿ ಯಾರೂ ನೆನೆಯುವುದಿಲ್ಲ. ನನ್ನ ಕ್ಲಾಸಿನ ಒಬ್ಬಳು ಬಾಯಿ ಬಿಡುತ್ತಲೇ ಇರಲಿಲ್ಲ. ಆದರೆ ಪಕ್ಕದವಳ ಲೆಕ್ಕ ಎಲ್ಲಿ ತಪ್ಪಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದಳು. ಅವಳಿಗೆ ಬಿಡಿಸಿದ ಲೆಕ್ಕಗಳನ್ನೇ ಕೊಡಲು ಶುರು ಮಾಡಿದೆ. ಪ್ರತಿಯೊಂದರಲ್ಲೂ ಎಲ್ಲೋ ಒಂದು ತಪ್ಪು ಅಡಗಿಸಿಡುತ್ತಿದ್ದೆ. –3(x – 2) ಎಂಬುದನ್ನು –3x – 6 ಎಂದು ಬಿಡಿಸಿಟ್ಟಿದ್ದೆ. ಹಿಡಿದಳು. ಯಾಕೆ ತಪ್ಪು ಎಂದೆ. ಎರಡು ಮೈನಸ್ ಸೇರಿದರೆ ಪ್ಲಸ್ ಎಂದು ಸುಮ್ಮನಾದಳು. ಬಾಯಿಪಾಠ ಬೇಡ, ನಂಬುವ ಹಾಗೆ ಹೇಳು ಎಂದೆ. ಸ್ವಲ್ಪ ಹೊತ್ತು ಯೋಚಿಸಿ, xಗೆ 2 ಎಂದು ಹಾಕಿ ನೋಡಿ, ಇಲ್ಲಿ ಸೊನ್ನೆ ಬರಬೇಕು, ನಿಮ್ಮದರಲ್ಲಿ –12 ಬರುತ್ತೆ ಎಂದಳು. ಅಷ್ಟುದ್ದ ಅವಳು ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು. ಅವಳ ಅಂಕಗಳೇನೂ ಹಾರಿಹೋಗಿಲ್ಲ. ತನ್ನ ಉತ್ತರವನ್ನು ತಾನೇ ಪರೀಕ್ಷಿಸಿ ನೋಡುವ ರೂಢಿ ಮಾತ್ರ ಬಂದಿದೆ.

ಕಿಕ್ಕಿರಿದ ಕ್ಲಾಸಿನಲ್ಲಿ ಇದೆಲ್ಲ ಆಗುವ ಮಾತಾ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಪ್ರತಿ ಮಗುವಿಗೆ ಪ್ರತಿ ದಿನ ಬೇರೆ ಪಾಠ ಎಂದರೆ ಖಂಡಿತ ಆಗುವುದಿಲ್ಲ, ನಾನೂ ಮಾಡುವುದಿಲ್ಲ. ಮಗು ಎಲ್ಲಿ ಸಿಕ್ಕಿಹಾಕಿಕೊಂಡಿದೆಯೋ ಅಲ್ಲಿ ಮಾತ್ರ ಸಾಕು. ಅದಕ್ಕೆ ಮಗುವಿಗೆ ಏನು ಬರುತ್ತದೆ ಎಂದು ಮೊದಲು ಗೊತ್ತಿರಬೇಕು. ಪೋಷಕರ ಸಭೆಯಲ್ಲಿ ನಾನು ಕೇಳುವುದು ಒಂದೇ: 'ಯಾರೂ ಹೇಳದಿದ್ದರೂ ನಿಮ್ಮ ಮಗು ಮಾಡುವ ಕೆಲಸ ಯಾವುದು?' ಮೊದಲು 'ಮೊಬೈಲ್ ನೋಡೋದು' ಎಂದು ನಗುತ್ತಾರೆ. ಸ್ವಲ್ಪ ಕಾದರೆ ಬೇರೆ ಉತ್ತರ ಬರುತ್ತದೆ. ತಂಗಿಗೆ ಕಥೆ ಕಟ್ಟಿ ಹೇಳುತ್ತಾಳೆ, ಕೆಟ್ಟ ರೇಡಿಯೊ ಬಿಚ್ಚಿ ಕೂರುತ್ತಾನೆ, ಹೀಗೆ.

ಶಾಲೆಗಳ ಮುಖ್ಯಸ್ಥರಲ್ಲಿ ನನ್ನ ಕೋರಿಕೆ ಇಷ್ಟೇ. ಅಂಕಪಟ್ಟಿಯ ಟಿಪ್ಪಣಿ ಜಾಗದಲ್ಲಿ 'ಇನ್ನೂ ಶ್ರಮ ಬೇಕು' ಎಂದು ಎಲ್ಲರಿಗೂ ಒಂದೇ ಸಾಲು ಬರೆಸುವುದನ್ನು ನಿಲ್ಲಿಸಿ. ಆ ಜಾಗದಲ್ಲಿ ಪೋಷಕರ ಉತ್ತರವನ್ನೂ, ಶಿಕ್ಷಕರು ಕಣ್ಣಾರೆ ಕಂಡ ಒಂದು ಸಂಗತಿಯನ್ನೂ ಬರೆಸಿ. ಮುಂದಿನ ವರ್ಷ ಆ ಮಗು ಬೇರೆಯವರ ಕ್ಲಾಸಿಗೆ ಹೋಗುತ್ತದೆ. ಅವರ ಕೈಗೆ ಅಂಕಗಳ ಜೊತೆ ಈ ಸಾಲೂ ಸಿಗಲಿ.

– ಒಬ್ಬ ಗಣಿತ ಶಿಕ್ಷಕಿ