ಬಾರ್ ಬಾಗಿಲಲ್ಲಿ ನಿಂತವರನ್ನೂ ಕೇಳಿ

ಮಾನ್ಯ ಸಂಪಾದಕರೇ,

ಬಾರ್ ಮುಂದೆ ಹೊಡೆದಾಟವಾದರೆ ಪತ್ರಿಕೆಯಲ್ಲಿ ಬರುವುದು ನಾಲ್ಕು ಸಾಲು: ಕುಡಿದ ಅಮಲಿನಲ್ಲಿ ಗಲಾಟೆ, ಇಬ್ಬರಿಗೆ ಗಾಯ, ಪ್ರಕರಣ ದಾಖಲು. ಹುಬ್ಬಳ್ಳಿಯ ಬಾರೊಂದರ ಬಾಗಿಲಲ್ಲಿ ಒಂಬತ್ತು ವರ್ಷ ನಿಂತವನು ನಾನು. ಅದಕ್ಕೂ ಮುಂಚಿನ ಹತ್ತು ನಿಮಿಷ ಏನೇನು ನಡೆದಿರುತ್ತದೆ ಎಂಬುದು ನಮ್ಮಂಥವರಿಗೆ ಗೊತ್ತು. ಆದರೆ ಇದುವರೆಗೆ ಯಾರೂ ನಮ್ಮನ್ನು ಕೇಳಿಲ್ಲ.

ನಾನು ಹಾವೇರಿ ಕಡೆಯವನು. ಗರಡಿಯಲ್ಲಿ ಪಳಗಿದ ಮೈ ನೋಡಿ ಕೆಲಸ ಕೊಟ್ಟರು. ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣಕ್ಕೆ 2005ರಲ್ಲೇ ಕೇಂದ್ರದ ಕಾಯ್ದೆ ಬಂದಿದೆ, ಕಾವಲುಗಾರನಿಗೆ 100 ಗಂಟೆ ಪಾಠ, 60 ಗಂಟೆ ಕ್ಷೇತ್ರ ತರಬೇತಿ ಕೊಡಬೇಕೆಂದು 2006ರ ಮಾದರಿ ನಿಯಮಗಳಲ್ಲೇ ಇತ್ತು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಮಾಲೀಕರು ನನಗೆ ಕೊಟ್ಟದ್ದು ಒಂದು ಕರಿ ಟೀ ಶರ್ಟ್ ಅಷ್ಟೇ.

ಕೆಲಸ ಕಲಿಸಿದ್ದು ನನಗಿಂತ ಮೊದಲು ಅಲ್ಲಿ ನಿಲ್ಲುತ್ತಿದ್ದ ಹಿರಿಯರೊಬ್ಬರು. "ಕೊರಳಪಟ್ಟಿಗೆ ಕೈ ಹಾಕಬ್ಯಾಡ, ಮೊದಲ ಊರು ಕೇಳು" ಅನ್ನುತ್ತಿದ್ದರು. ಒಬ್ಬ ಹುಡುಗ ಕಣ್ಣು ಕೆಂಪಗೆ ಮಾಡಿಕೊಂಡು ಎದೆಗೆ ಎದೆ ಕೊಟ್ಟು ನಿಂತಿದ್ದ. ಇವರು ಎರಡೂ ಕೈ ಹಿಂದೆ ಕಟ್ಟಿಕೊಂಡು, "ಯಾವೂರಾತು ತಮ್ಮಾ?" ಎಂದರು. "ನವಲಗುಂದ." "ನವಲಗುಂದದಾಗ ಯಾರ ಪೈಕಿ?" ಹುಡುಗ ಮನೆತನದ ಹೆಸರು ಹೇಳುವಷ್ಟರಲ್ಲಿ ದನಿ ಇಳಿದಿತ್ತು. ಅಪ್ಪನ ಪರಿಚಯದವರ ಮುಂದೆ ಕೈ ಎತ್ತುವುದು ಅಷ್ಟು ಸುಲಭವಲ್ಲ. ಅದೇ ಹುಡುಗನನ್ನು ಗೆಳೆಯರ ಎದುರು "ನಡಿಲೇ ಹೊರಗ" ಅಂದಿದ್ದರೆ ಅವತ್ತು ರಕ್ತ ಹರಿಯುತ್ತಿತ್ತು.

ನನಗೆ ಅದನ್ನು ಕಲಿಯಲು ವರ್ಷಗಳು ಬೇಕಾದವು. ಎರಡನೇ ವರ್ಷ ಒಬ್ಬನ ಕಪಾಳಕ್ಕೆ ಹೊಡೆದೆ. ಇವನು ಹೆದರಿದ ಎಂದು ಜೊತೆಯವರು ಆಡಿಕೊಂಡಾರು ಎಂಬ ಒಂದೇ ಕಾರಣಕ್ಕೆ ಹೊಡೆದೆ. ಅವನು ಮುಕ್ಕಾಲು ಗಂಟೆ ಬಿಟ್ಟು ನಾಲ್ವರನ್ನು ಕರೆತಂದ. ಹೆಲ್ಮೆಟ್ ಏಟಿಗೆ ಹುಬ್ಬು ಸೀಳಿ ಏಳು ಹೊಲಿಗೆ ಬಿದ್ದವು. ಲೈಸೆನ್ಸಿಗೆ ತೊಂದರೆಯಾಗುತ್ತದೆ, ಪೊಲೀಸರ ತನಕ ಒಯ್ಯಬೇಡ ಎಂದು ಮಾಲೀಕರು ಕೈ ಹಿಡಿದುಕೊಂಡರು. ಆಸ್ಪತ್ರೆ ಚೀಟಿಯಲ್ಲಿ "ಬೈಕಿನಿಂದ ಬಿದ್ದು ಗಾಯ" ಎಂದು ಬರೆಸಿದೆ. ನನ್ನ ಏಟೂ ಅವನ ಏಟೂ ಯಾವ ಲೆಕ್ಕದಲ್ಲೂ ಇಲ್ಲ.

ಅದಕ್ಕೇ ಹೇಳುತ್ತೇನೆ, ಠಾಣೆಯ ಅಂಕಿಗಳನ್ನು ಕೂಡಿಸಿ ಕಳೆದರೆ ಈ ಸಂಗತಿ ತಿಳಿಯುವುದಿಲ್ಲ. ನನ್ನ ತಂಗಿಯ ಮಗಳು ಧಾರವಾಡದಲ್ಲಿ ಸಮಾಜಶಾಸ್ತ್ರ ಓದುತ್ತಾಳೆ. ಬ್ರಿಟನ್ನಿನಲ್ಲಿ ಡಿಕ್ ಹಾಬ್ಸ್ ಎಂಬ ಪ್ರಾಧ್ಯಾಪಕರೂ ಅವರ ಸಂಗಡಿಗರೂ ನೈಟ್‌ಕ್ಲಬ್ ಬಾಗಿಲ ಬೌನ್ಸರ್‌ಗಳ ಬಗ್ಗೆ ಸಂಶೋಧನೆ ಮಾಡಿದ್ದನ್ನು ಆಕೆ ನನಗೆ ಓದಿ ಹೇಳಿದಳು. ಆ ತಂಡದ ಒಬ್ಬರು ತಾವು ಸಂಶೋಧಕರೆಂದು ತೋರಿಸಿಕೊಳ್ಳದೆ ಬೌನ್ಸರ್ ಆಗಿಯೇ ದುಡಿದರಂತೆ. ಕೇಳುತ್ತಾ ಕೂತ ನನಗೆ ಗಂಟಲು ಕಟ್ಟಿತು. ಸಾವಿರಾರು ಜನ ಕುಡಿದು ಒಂದೇ ಹೊತ್ತಿಗೆ ಬೀದಿಗೆ ಬೀಳುವುದು, ಪೊಲೀಸರು ಬೆರಳೆಣಿಕೆಯಷ್ಟು ಇರುವುದು, ತಿನ್ನುವ ಅಂಗಡಿ ಮುಂದೆ, ಟ್ಯಾಕ್ಸಿ ಸಾಲಿನಲ್ಲಿ ಜಗಳ ಹತ್ತುವುದು, ಮೈಕಟ್ಟು ಮತ್ತು ಹೆಸರಿನ ಮೇಲೆಯೇ ಬೌನ್ಸರ್‌ನ ಬೆಲೆ ನಿಂತಿರುವುದು, ಎಲ್ಲವೂ ಅದರಲ್ಲಿದೆ. ಅಲ್ಲಿ 2001ರಲ್ಲಿ ಕಾಯ್ದೆ ಬಂದು, ಬಾಗಿಲಲ್ಲಿ ನಿಲ್ಲುವವನಿಗೆ ತರಬೇತಿ, ಪರವಾನಗಿ ಎರಡೂ ಕಡ್ಡಾಯವಾಗಿವೆ.

ನಮ್ಮಲ್ಲಿ ಟ್ಯಾಕ್ಸಿಯ ಬದಲು ಬೈಕು. ಆಗ ಹನ್ನೊಂದೂವರೆಗೆ ಬಾಗಿಲು ಹಾಕಲೇಬೇಕಿತ್ತು, ಇನ್ನು ಏಳಿ ಎಂಬ ಸೂಚನೆಗೆ ಕಾಲು ಗಂಟೆ ಮೊದಲೇ ಎಲ್ಲ ದೀಪ ಹಾಕಿಬಿಡುತ್ತಿದ್ದೆವು. ಕೊನೆಯ ಪೆಗ್ಗನ್ನು ಒಂದೇ ಗುಟುಕಿಗೆ ಇಳಿಸಿ ಎಲ್ಲರೂ ಒಟ್ಟಿಗೆ ಹೊರಗೆ ಬರುತ್ತಾರೆ. ಒಬ್ಬನ ಬೈಕಿಗೆ ಇನ್ನೊಬ್ಬನ ಬೈಕು ಅಡ್ಡ. ಎಗ್ ರೈಸ್ ಗಾಡಿ ಮುಂದೆ ನಾ ಮೊದಲು ನೀ ಮೊದಲು. ನಾನು ಕಂಡ ಜಗಳಗಳಲ್ಲಿ ಹೆಚ್ಚಿನವು ಒಳಗೆ ಆದವಲ್ಲ, ಈ ಇಪ್ಪತ್ತು ಹೆಜ್ಜೆ ಜಾಗದಲ್ಲಿ ಆದವು. ದೀಪವನ್ನು ಅರ್ಧ ತಾಸು ಮೊದಲೇ ಒಂದೊಂದಾಗಿ ಹಾಕುತ್ತ ಬರೋಣ, ಬೈಕು ಒಂದು ಬದಿಗೆ ಸಾಲಾಗಿ ನಿಲ್ಲಿಸೋಣ ಎಂದು ಎಷ್ಟೋ ಸಲ ಹೇಳಿದೆ. ಬಾಗಿಲು ಕಾಯುವವನ ಮಾತು ಯಾರು ಕೇಳುತ್ತಾರೆ?

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರವನ್ನೇ ಕಲಿಸುವ ವಿಭಾಗವಿದೆ. ಅಲ್ಲಿನ ಗುರುಗಳಲ್ಲಿ ನನ್ನ ಕಳಕಳಿಯ ವಿನಂತಿ: ನಿಮ್ಮ ಮಕ್ಕಳನ್ನು ಇಲ್ಲಿಗೆ ಕಳಿಸಿ. ಹೌದು, ಅಲ್ಲ ಎಂದು ಗುರುತು ಹಾಕುವ ಪ್ರಶ್ನಾವಳಿ ತಂದರೆ ಯಾರೂ ನಿಜ ಹೇಳುವುದಿಲ್ಲ. ನಾನೂ ಹೇಳುತ್ತಿರಲಿಲ್ಲ. ಹೆಸರು ಬರೆಯುವುದಿಲ್ಲ ಎಂದು ಮಾತು ಕೊಟ್ಟು, ನಾಲ್ಕಾರು ರಾತ್ರಿ ಜೊತೆಗೆ ನಿಂತು, ಚಹಾ ಕುಡಿಯುತ್ತ ಕೇಳಬೇಕು.

ನಾನೀಗ ಅಮರಗೋಳದ ಎಪಿಎಂಸಿಯಲ್ಲಿ ಲೆಕ್ಕ ಬರೆಯುತ್ತೇನೆ. ನನ್ನ ಜೊತೆ ನಿಂತಿದ್ದವರಲ್ಲಿ ಇಬ್ಬರು ಇನ್ನೂ ಅದೇ ಕೆಲಸದಲ್ಲಿದ್ದಾರೆ. ಅವರನ್ನು ಕೇಳಿದ್ದೇನೆ, ಮಾತಾಡಲು ಒಪ್ಪಿದ್ದಾರೆ. ಸೋಮವಾರ ಸಂಜೆ ಅವರಿಗೆ ಬಿಡುವು.

— ಒಬ್ಬ ಓದುಗ, ಹಳೇ ಹುಬ್ಬಳ್ಳಿ